ಪಜಲ್ ಬಿಡಿಸಲಾಗದಾಗ ಯೂಟ್ಯೂಬ್ ನೋಡಿದರೆ ಮೋಸವೇ?

ಓದುಗರ ಪ್ರಶ್ನೆ: "ನಾನು ಇಳಕಲ್ಲಿನಾಂವ ರೀ. ಫೋನಿನ್ಯಾಗ 'ಬಾಬಾ ಈಸ್ ಯೂ' ಆಡಾಕ ಹತ್ತಿ ಎರಡ ತಿಂಗಳಾತು. ಒಂದ ಲೆವೆಲ್‌ನ್ಯಾಗ ಆರ ದಿನದಿಂದ ಸಿಕ್ಕೊಂಡೇನಿ. ಬಾಗಲಾ ಮುಚ್ಚೈತಿ, ಕೀಲಿಕೈ ನೋಡಿದ್ರ ಮೂಲ್ಯಾಗ ಸಿಕ್ಕೊಂಡೈತಿ, ಹೊರಗ ತಗ್ಯಾಕ ಬರವಲ್ದು. ಯೂಟ್ಯೂಬ್ ನೋಡಿ ಮುಂದ ಹೋದ್ರ ಮೋಸ ಆಗತೈತೇನ್ರಿ? ಇಲ್ಲಾಂದ್ರ ಎಷ್ಟ ದಿವಸ ಒದ್ದಾಡಬೇಕು?"

ಉತ್ತರ: ಮೋಸವೇನೂ ಅಲ್ಲ. ಆಟ ನಿಮ್ಮದು, ಹೊತ್ತು ನಿಮ್ಮದು, ಎದುರಿಗೆ ಕೂತು ಸೋಲುವವರು ಯಾರೂ ಇಲ್ಲ. ಆದರೆ ಲುಕ್ಸಾನು ಆಗಬಹುದು. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಅನ್ನುವುದು ನೀವು ಯಾತಕ್ಕೆ ಸಿಕ್ಕಿಕೊಂಡಿದ್ದೀರಿ ಅನ್ನುವುದರ ಮೇಲಿದೆ. ಗೊತ್ತಿಲ್ಲದೆ ನಿಲ್ಲುವುದು ಬೇರೆ, ಗೊತ್ತಿದ್ದೂ ಕಾಣದೆ ನಿಲ್ಲುವುದು ಬೇರೆ. ಎರಡರಲ್ಲೂ ತಲೆ ಬಿಸಿಯಾಗುವುದು ಒಂದೇ ರೀತಿ, ಅದಕ್ಕೇ ನಾವು ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದಾಗ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಒಗಟು ಹಾಕುತ್ತಿದ್ದಳು. "ಅಂಗಡ್ಯಾಗಿಂದ ತರೂದು, ಮುಂದ ಇಟ್ಕೊಂಡು ಅಳೂದು. ಏನದು?" ನಾವು ಮಕ್ಕಳು ಹೆಣ ಅಂದೆವು, ಸಾಲದ ಚೀಟಿ ಅಂದೆವು, ಗೊಂಬೆ ಅಂದೆವು. ಆಯಿ ಉತ್ತರ ಹೇಳಲಿಲ್ಲ. "ಮಲಕೋರಿ, ಮುಂಜಾನಿ ಹೇಳ್ತೇನಿ" ಅಂದಳು. ಮುಂಜಾನೆ ಅವ್ವ ಈಳಿಗೆ ಮುಂದೆ ಕೂತು ಕಣ್ಣು ಒರೆಸಿಕೊಂಡಾಗ ನನಗೇ ಹೊಳೆಯಿತು: ಉಳ್ಳಾಗಡ್ಡಿ! ನಮಗೆ ಗೊತ್ತಿಲ್ಲದ್ದು ಆ ಒಗಟಿನಲ್ಲಿ ಏನೂ ಇರಲಿಲ್ಲ. ದಿನಾ ನೋಡುವ ಉಳ್ಳಾಗಡ್ಡಿ, ದಿನಾ ನೋಡುವ ಕಣ್ಣೀರು. ಎರಡೂ ಕೂಡಿದ್ದು ಮಾತ್ರ ಕಂಡಿರಲಿಲ್ಲ. ಆದರೆ ಉಳ್ಳಾಗಡ್ಡಿ ಹೆಚ್ಚುವುದನ್ನು ಒಮ್ಮೆಯೂ ನೋಡದ ಮಗುವಿಗೆ ಅದೇ ಒಗಟು ಹಾಕಿದರೆ? ಆ ಮಗು ಆರು ತಿಂಗಳು ಯೋಚಿಸಿದರೂ ಉಪಯೋಗವಿಲ್ಲ. ಆ ಮಗುವಿಗೆ ಹೇಳಿಬಿಡುವುದೇ ಸರಿ.

ನಮ್ಮ ಜಿಲ್ಲೆಯವರು ಬಾದಾಮಿಯ ಮೊದಲನೇ ಗುಹೆಗೆ ಹೋಗಿಯೇ ಇರುತ್ತೀರಿ. ಹದಿನೆಂಟು ಕೈಗಳ ನಟರಾಜನನ್ನು ನೋಡಿ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಗುಹೆಯಲ್ಲಿ ದ್ವಾರಪಾಲಕನ ಕೆಳಗೆ ಒಂದು ಸಣ್ಣ ಕೆತ್ತನೆ ಇದೆ: ಎರಡು ಮೈ, ತಲೆ ಒಂದೇ. ನಾನು ಮೊದಲ ಸಲ ಹೋದಾಗ ಗೈಡ್ ಏನೂ ವಿವರಿಸಲಿಲ್ಲ. ಅಂಗೈ ಅಡ್ಡ ಹಿಡಿದು ಒಂದು ಮೈ ಮುಚ್ಚಿದರು, ಆನೆ ಕಂಡಿತು. ಕೈ ಸರಿಸಿ ಇನ್ನೊಂದು ಮೈ ಮುಚ್ಚಿದರು, ಅದೇ ತಲೆ ಎತ್ತಿನದಾಯಿತು. ಆರನೇ ಶತಮಾನದ ಕಲ್ಲು ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಒಳ್ಳೆಯ ಪಜಲ್ ಕೊಡುವ ಸುಖ ನನ್ನ ಮಟ್ಟಿಗೆ ಆ ಒಂದು ಕ್ಷಣದ್ದು. ಪರದೆಯ ಮೇಲೆ ಏನೂ ಬದಲಾಗಿರುವುದಿಲ್ಲ, ಆನೆ ಮಾತ್ರ ಎತ್ತಾಗಿರುತ್ತದೆ.

ನೀವು ಆಡುತ್ತಿರುವ ಆಟವನ್ನೇ ತೆಗೆದುಕೊಳ್ಳೋಣ. ಇದನ್ನು ಮಾಡಿದವರು ಫಿನ್ಲೆಂಡಿನ ಆರ್ವಿ ತೆಯ್ಕಾರಿ. 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ, ಅಂದರೆ ಕೆಲವೇ ದಿನಗಳಲ್ಲಿ ಹೊಸ ಆಟ ಕಟ್ಟುವ ಕೂಟದಲ್ಲಿ, ಮೊದಲ ರೂಪ ಕಟ್ಟಿದರು, ಪೂರ್ತಿ ಆಟ ಬಂದದ್ದು 2019ರಲ್ಲಿ. ಇದರ ಮೂಲದಲ್ಲಿರುವುದು 1982ರ ಜಪಾನಿನ 'ಸೊಕೊಬಾನ್', ಗೋದಾಮಿನಲ್ಲಿ ಪೆಟ್ಟಿಗೆ ತಳ್ಳುವ ಆಟ. ಅಲ್ಲಿ ಪೆಟ್ಟಿಗೆ ತಳ್ಳುತ್ತೇವೆ, ಇಲ್ಲಿ ಶಬ್ದಗಳನ್ನೇ ತಳ್ಳುತ್ತೇವೆ. 'ವಾಲ್ ಈಸ್ ಸ್ಟಾಪ್' ಅಂತ ಮೂರು ಶಬ್ದ ಸಾಲಾಗಿ ನಿಂತಿರುವವರೆಗೆ ಗೋಡೆ ತಡೆಯುತ್ತದೆ. ಒಂದು ಶಬ್ದವನ್ನು ಸಾಲಿನಿಂದ ಹೊರಗೆ ತಳ್ಳಿದರೆ ಗೋಡೆಯ ಚಿತ್ರ ಹಾಗೇ ಇರುತ್ತದೆ, ನೀವು ಅದರೊಳಗೆ ಹಾದು ಹೋಗಬಹುದು.

ನಾನು ಸಿಕ್ಕಿಕೊಂಡ ಹಂತ ನಿಮ್ಮದಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನಡುವೆ ನೀರು. ಈ ದಡದಲ್ಲಿ ಬಾಬಾ ಅನ್ನುವ ಆ ಬಿಳಿ ಪ್ರಾಣಿ, ಆ ದಡದಲ್ಲಿ ಬಾವುಟ (ಅದನ್ನು ಮುಟ್ಟಿದರೆ ಗೆದ್ದಂತೆ), ಬಾವುಟದ ಮಗ್ಗುಲಿಗೆ ಒಂದು ಕಲ್ಲು. ಬಾಬಾ ನೀರಿಗಿಳಿದರೆ ಮುಳುಗುತ್ತದೆ. ನಾಲ್ಕು ದಿನ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಬಾಬಾವನ್ನು ದಾಟಿಸುವುದು ಹೇಗೆ? ನೀರಿಗೆ ಏನಾದರೂ ತಳ್ಳಿ ದಾರಿ ಮಾಡಲೆ? ನೀರಿನ ಶಬ್ದ ಕೈಗೆ ಸಿಗುತ್ತದೆಯೆ? ಅವೇ ನಾಲ್ಕು ಚಾಲು, ಅವೇ ಹಿಂದಕ್ಕೆ, ಮತ್ತೆ ಅವೇ. ಐದನೇ ದಿನ ಜೋಳ ಬೀಸಿಸಿಕೊಂಡು ಬರಲು ನವನಗರದ ಗಿರಣಿಗೆ ಹೋಗಿದ್ದೆ. ಮುಂದೆ ಏಳೆಂಟು ಡಬ್ಬಿ ಸಾಲು ಇದ್ದವು. ಗಿರಣಿಯ ಸದ್ದಿಗೆ ಯಾರ ಮಾತೂ ಕೇಳುವುದಿಲ್ಲ, ಸುಮ್ಮನೆ ನಿಂತಿದ್ದೆ. ಸರದಿ ಬಂದಾಗ ಗಿರಣಿಯವರು ಡಬ್ಬಿ ತೋರಿಸಿ ಕೂಗಿದರು, "ಇದು ಯಾರದು?" "ನಂದು" ಅಂದೆ. ಯಾಕೋ ಅಲ್ಲಿಗೇ ನಿಂತುಬಿಟ್ಟೆ. ಬಾಬಾ ಯಾರು? ಬಾಬಾ ನಾನು ಅಂತ ಅಲ್ಲಿ ಬರೆದಿರುವುದರಿಂದಷ್ಟೇ ನಾನು. ದಾಟಬೇಕಾದದ್ದು ಬಾಬಾ ಅಲ್ಲವೇ ಅಲ್ಲ, ನಾನು. ನಾನು ಆ ದಡದಲ್ಲೇ ಇರಬಹುದಲ್ಲ!

ಮನೆಗೆ ಬಂದು ಹಿಟ್ಟಿನ ಡಬ್ಬಿ ಕೆಳಗಿಡುವ ಮೊದಲೇ ಲ್ಯಾಪ್‌ಟಾಪ್ ತೆರೆದೆ. 'ಬಾಬಾ ಈಸ್ ಯೂ' ಅನ್ನುವ ಸಾಲಿನ ಮೇಲ್ಗಡೆಯಿಂದ 'ರಾಕ್' ಅನ್ನುವ ಶಬ್ದವನ್ನು ಕೆಳಕ್ಕೆ ತಳ್ಳಿದೆ. ಅದು 'ಬಾಬಾ' ಶಬ್ದವನ್ನು ನೂಕಿ ಅದರ ಜಾಗದಲ್ಲಿ ಕೂತಿತು. 'ರಾಕ್ ಈಸ್ ಯೂ.' ಬಲಗಡೆಯ ಬಾಣದ ಗುಂಡಿ ಒತ್ತಿದೆ. ಈ ದಡದ ಬಾಬಾ ಅಲುಗಲಿಲ್ಲ. ಆ ದಡದಲ್ಲಿ ಕಲ್ಲು ಒಂದು ಹೆಜ್ಜೆ ಸರಿದು ಬಾವುಟದ ಮೇಲೆ ಹತ್ತಿತು. ನಾನು ಕೂಗಿದ ಸದ್ದಿಗೆ ಅವ್ವ ಅಡಿಗಿ ಮನೆಯಿಂದ ಹೊರಗೆ ಬಂದಳು.

ಆ ನಾಲ್ಕು ದಿನ ನಾನು ದಡ್ಡನಾಗಿದ್ದೆನೇ? ಇಲ್ಲ. 1942ರಲ್ಲಿ ಅಬ್ರಹಾಂ ಲುಚಿನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ನೀರಿನ ಕೊಡಗಳ ಲೆಕ್ಕದಿಂದ ಇದನ್ನು ತೋರಿಸಿದರು. ಮೂರು ಕೊಡ ಕೊಟ್ಟು ಇಷ್ಟು ನೀರು ಅಳೆಯಿರಿ ಅನ್ನುವುದು. ಮೊದಲ ಕೆಲವು ಲೆಕ್ಕಗಳಿಗೆಲ್ಲ ಒಂದೇ ದಾರಿ: ನಡುವಿನ ಕೊಡ ತುಂಬಿ, ಮೊದಲನೆಯದಕ್ಕೆ ಒಮ್ಮೆ, ಮೂರನೆಯದಕ್ಕೆ ಎರಡು ಸಲ ಸುರಿಯಬೇಕು. ಆಮೇಲೆ 23, 49, 3 ಅಳತೆಯ ಕೊಡ ಕೊಟ್ಟು 20 ಅಳೆಯಿರಿ ಅಂದರು. ಹೆಚ್ಚಿನವರು 49ರಿಂದ 23 ಕಳೆದು, ಮತ್ತೆ ಎರಡು ಸಲ 3 ಕಳೆದರು. 23ರಿಂದ 3 ಕಳೆದರೆ ಮುಗಿಯಿತಲ್ಲ! ಹಿಂದಿನ ಲೆಕ್ಕ ಮಾಡದೆ ನೇರ ಬಂದವರಿಗೆ ಅದು ಕೂಡಲೇ ಕಂಡಿತು. ಅಂದರೆ ಕಣ್ಣಿಗೆ ಅಡ್ಡ ಬರುವುದು ನಮಗೆ ಈಗಾಗಲೇ ಬರುವ ವಿದ್ಯೆ. ಒಳ್ಳೆಯ ಪಜಲ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಮೊದಲ ಹತ್ತು ಹಂತಗಳಲ್ಲಿ ಒಂದು ರೂಢಿ ಹಚ್ಚುತ್ತಾರೆ, ಹನ್ನೊಂದನೆಯದರಲ್ಲಿ ಅದೇ ರೂಢಿಯನ್ನು ಗೋಡೆ ಮಾಡಿ ನಿಲ್ಲಿಸುತ್ತಾರೆ.

ಹಾಗಾದರೆ ಗಿರಣಿಯಲ್ಲಿ ಯಾಕೆ ಹೊಳೆಯಿತು? 1926ರಲ್ಲೇ ಗ್ರಹಾಂ ವಾಲಸ್ ಯೋಚನೆಗೆ ನಾಲ್ಕು ಹಂತ ಹೇಳಿದ್ದರು. ಎರಡನೆಯದಕ್ಕೆ ಅವರು ಇಟ್ಟ ಹೆಸರನ್ನು ಕನ್ನಡದಲ್ಲಿ ಕಾವು ಅನ್ನಬಹುದು. ಮೊದಲು ದುಡಿಯಬೇಕು, ಆಮೇಲೆ ಬದಿಗಿಟ್ಟು ಕಾವಿಗೆ ಬಿಡಬೇಕು, ಆಮೇಲೆ ಹೊಳೆಯುತ್ತದೆ, ಕೊನೆಗೆ ಸರಿಯೋ ಅಂತ ತಾಳೆ ನೋಡಬೇಕು. 2004ರಲ್ಲಿ ಮಾರ್ಕ್ ಬೀಮನ್, ಜಾನ್ ಕುನಿಯೋಸ್ ಮತ್ತು ಸಂಗಡಿಗರು ಶಬ್ದದ ಒಗಟು ಬಿಡಿಸುವವರ ಮಿದುಳನ್ನು ಅಳೆದು ನೋಡಿದರು. ಉತ್ತರ ಥಟ್ಟನೆ ಹೊಳೆದಾಗ, ಅದಕ್ಕೆ ಸುಮಾರು 0.3 ಸೆಕೆಂಡು ಮೊದಲು ಬಲಗಿವಿಯ ಮೇಲ್ಭಾಗದ ಮಿದುಳಿನಲ್ಲಿ ಒಂದು ಚುರುಕು ಅಲೆ ಏಳುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕಿ ಬಿಡಿಸಿದಾಗ ಅದು ಇರಲಿಲ್ಲ. ಎರಡು ಬಗೆಯ ಬಿಡಿಸುವಿಕೆ ನಿಜಕ್ಕೂ ಎರಡೇ.

ಆದ್ದರಿಂದ ಎಷ್ಟು ದಿನ ಅನ್ನುವ ನಿಮ್ಮ ಲೆಕ್ಕವನ್ನು ನಾನು ದಿನದಲ್ಲಿ ಹೇಳಲಾರೆ. ನಿಮ್ಮ ಬೆರಳನ್ನು ನೋಡಿಕೊಳ್ಳಿ. ಹೊಸ ಚಾಲು ಹುಡುಕುತ್ತಿದ್ದರೆ ಇನ್ನೂ ಆಡಿ. ಅವೇ ಚಾಲು ಮೂರನೇ ಸಲ ತಿರುಗಿ ಬಂದರೆ ಮುಚ್ಚಿಟ್ಟು ಎದ್ದು ಹೋಗಿ. ಎಮ್ಮೆಗೆ ನೀರು ತೋರಿಸಿ, ಪೇಟೆಗೆ ಹೋಗಿ ಬನ್ನಿ, ಮಲಗಿ.

ಲುಕ್ಸಾನಿನ ಮಾತು. ಮೇಲೆ ಹೇಳಿದ ಹಂತಕ್ಕಿಂತ ಮೊದಲು ಇನ್ನೊಂದು ಹಂತದಲ್ಲಿ ನಾನು ವಿಡಿಯೊ ನೋಡಿಬಿಟ್ಟಿದ್ದೆ. ನಲವತ್ತು ಸೆಕೆಂಡು ಸಾಕಾಯಿತು. ಹಂತ ದಾಟಿತು, ಸಂತೋಷ ಮಾತ್ರ ಏನೂ ಆಗಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಮರುದಿನ ಗೊತ್ತಾಯಿತು. ಮುಂದಿನ ಮೂರು ಹಂತಗಳೂ ಅದೇ ವಿಚಾರದ ಮೇಲೆ ಕಟ್ಟಿದ್ದವು. ನನ್ನ ಕೈಗೆ ಚಾಲುಗಳ ಪಟ್ಟಿ ಸಿಕ್ಕಿತ್ತು, ವಿಚಾರ ಸಿಕ್ಕಿರಲಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ವಿಡಿಯೊ ಬೇಕಾಯಿತು. ಮಗ್ಗಿ ಬಾರದ ಹುಡುಗ ಪಕ್ಕದವನ ಪಾಟಿ ನೋಡಿ ಉತ್ತರ ಬರೆದರೆ ಆ ದಿನದ ಲೆಕ್ಕ ಸರಿ, ನಾಳಿನದು ಮತ್ತೆ ತಪ್ಪು.

ಹಾಗಂತ ಎಲ್ಲಕ್ಕೂ ಹಠ ಹಿಡಿಯಬೇಡಿ. ನಮ್ಮ ಕಡೆಯ ಹುಡುಗರು ಸಿಕ್ಕಿಕೊಳ್ಳುವುದಕ್ಕೆ ಬಹಳ ಸಲ ಇಂಗ್ಲಿಷೇ ಕಾರಣ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲುಕಸ್ ಪೋಪ್ ಅವರ 'ರಿಟರ್ನ್ ಆಫ್ ದಿ ಓಬ್ರಾ ಡಿನ್' (2018) ನನಗೆ ತುಂಬ ಪ್ರೀತಿಯ ಆಟ. 1807ರಲ್ಲಿ ಖಾಲಿಯಾಗಿ ಮರಳಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಹಡಗು. ಅದರಲ್ಲಿದ್ದ 60 ಜನರ ಹೆಸರೇನು, ಪ್ರತಿಯೊಬ್ಬರಿಗೂ ಏನಾಯಿತು ಅಂತ ನೀವು ಬರೆಯಬೇಕು. ಮೂವರದು ಸರಿಯಾದಾಗ ಮಾತ್ರ ಆಟ 'ಸರಿ' ಅನ್ನುತ್ತದೆ, ಹೀಗಾಗಿ ಗುಡ್ಡಕ್ಕೆ ಕಲ್ಲು ಎಸೆದಂತೆ ಊಹಿಸಿ ಗೆಲ್ಲುವುದು ಕಷ್ಟ. ಆ ಕಟ್ಟುನಿಟ್ಟು ನನಗೆ ಇಷ್ಟ. ಆದರೆ ಅಲ್ಲಿ ಹಡಗಿನ ಹುದ್ದೆಗಳ ಹಳೆಯ ಹೆಸರುಗಳಿವೆ, ಮಾತಿನ ಉಚ್ಚಾರವೂ ಸುಳಿವಾಗುತ್ತದೆ. 'ಬೋಸನ್' ಅಂದರೆ ಹಡಗಿನಲ್ಲಿ ಏನು ಕೆಲಸ ಮಾಡುವವನು ಅಂತ ಬಾಗಲಕೋಟೆಯಲ್ಲಿ ಕೂತವರಿಗೆ ಹೇಗೆ ಗೊತ್ತಿರಬೇಕು? ಅದು ಉಳ್ಳಾಗಡ್ಡಿ ನೋಡದ ಮಗುವಿನ ಪಾಡು. ನಿಘಂಟು ತೆಗೆಯಿರಿ, ಗೊತ್ತಿದ್ದವರನ್ನು ಕೇಳಿ, ಆಮೇಲೆ ಮತ್ತೆ ಹಡಗು ಹತ್ತಿ. ಜೊನಾಥನ್ ಬ್ಲೋ ಅವರ 'ದಿ ವಿಟ್ನೆಸ್' (2016) ಒಂದು ಪದವನ್ನೂ ಬಳಸದೆ, ಗೆರೆ ಎಳೆದು ಬಿಡಿಸುವ ಐನೂರಕ್ಕೂ ಹೆಚ್ಚು ಪಜಲ್‌ಗಳಿಂದ ನಿಯಮ ಕಲಿಸುತ್ತದೆ. ಅದರ ಕಾಡಿನ ಭಾಗದಲ್ಲಿ ಮಾತ್ರ ದನಿ ಕೇಳಿ ಗೆರೆ ಎಳೆಯಬೇಕು. ಕಿವಿ ಮಂದ ಇದ್ದವರು ಅಲ್ಲಿ ಉತ್ತರ ನೋಡಿದರೆ ಏನನ್ನೂ ಕಳೆದುಕೊಂಡಂತಲ್ಲ. ಬಣ್ಣ ಗುರುತಿಸಲಾಗದವರಿಗೂ ಅದೇ ಮಾತು.

ಇನ್ನು ಕೆಲವು ಪಜಲ್‌ಗಳೇ ಕೆಟ್ಟವು. 1999ರ 'ಗೇಬ್ರಿಯಲ್ ನೈಟ್ 3'ರಲ್ಲಿ ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿ ಒಬ್ಬನ ವೇಷ ಹಾಕಬೇಕು, ಆ ಮನುಷ್ಯನಿಗೋ ಮೀಸೆಯೇ ಇಲ್ಲ. ಉತ್ತರ ತಿಳಿದ ಮೇಲೆ "ಅಯ್ಯೋ, ಕಣ್ಣ ಮುಂದೇ ಇತ್ತಲ್ಲ" ಅನ್ನಿಸಿದರೆ ಪಜಲ್ ಒಳ್ಳೆಯದು. "ಇದು ಯಾರಿಗೆ ಹೊಳೆಯಬೇಕು?" ಅನ್ನಿಸಿದರೆ ತಪ್ಪು ಮಾಡಿದವರದು, ನಿಮ್ಮದಲ್ಲ.

ನೋಡಲೇಬೇಕು ಅನ್ನಿಸಿದಾಗ ಪೂರ್ತಿ ವಿಡಿಯೊಗೆ ಹೋಗಬೇಡಿ. 1980ರ ದಶಕದಲ್ಲಿ ಇನ್ಫೋಕಾಮ್ ಕಂಪನಿ ತನ್ನ ಆಟಗಳಿಗೆ ಸುಳಿವಿನ ಪುಸ್ತಕ ಮಾರುತ್ತಿತ್ತು. ಅದರಲ್ಲಿ ಉತ್ತರಗಳು ಕಾಣದ ಶಾಯಿಯಲ್ಲಿರುತ್ತಿದ್ದವು. ಜೊತೆಗೆ ಕೊಟ್ಟ ಮಾರ್ಕರ್‌ನಿಂದ ಒಂದು ಸಾಲು ಉಜ್ಜಿದರೆ ಸಣ್ಣ ಸುಳಿವು, ಅದರ ಕೆಳಗಿನದು ಉಜ್ಜಿದರೆ ಸ್ವಲ್ಪ ದೊಡ್ಡದು, ಕೊನೆಗೆ ಉತ್ತರ. ಎಷ್ಟು ಬೇಕೋ ಅಷ್ಟೇ ಉಜ್ಜಿ ನಿಲ್ಲಿಸಬಹುದಿತ್ತು. 1988ರಲ್ಲಿ ಶುರುವಾದ 'ಯೂನಿವರ್ಸಲ್ ಹಿಂಟ್ ಸಿಸ್ಟಮ್' ಕೂಡ ಹೀಗೇ ಒಂದೊಂದೇ ಸುಳಿವು ಕೊಡುತ್ತದೆ. ಇದಕ್ಕಿಂತ ಒಳ್ಳೆಯದು, ಆ ಹಂತ ದಾಟಿದ ಗೆಳೆಯನನ್ನು ಪಕ್ಕಕ್ಕೆ ಕೂರಿಸಿಕೊಂಡು "ಹೇಳಬ್ಯಾಡ, ನಾ ಮಾಡೂದನ್ನ ಬರೇ ನೋಡು" ಅನ್ನುವುದು. ಅವನ ಮುಖವೇ ಅರ್ಧ ಸುಳಿವು. ಮನೆಯಲ್ಲಿ ಆಟ ಆಡದವರೂ ಆಗಬಹುದು. ನನ್ನ ತಂಗಿ ಒಂದೇ ಒಂದು ಆಟ ಆಡಿದವಳಲ್ಲ, ಹಿಂದೆ ನಿಂತು "ಆ ಮೂಲ್ಯಾಗಿನ ಶಬ್ದ ಯಾಕ ಇಟ್ಟಾರಣ್ಣ?" ಅಂತ ಕೇಳಿ ಎರಡು ಹಂತ ದಾಟಿಸಿದ್ದಾಳೆ. ಹಳೆಯ ರೂಢಿ ಅವಳ ಕಣ್ಣಿಗೆ ಅಂಟಿಲ್ಲ.

ಈಗ ನಿಮ್ಮ ಬಾಗಿಲು. ನೀವು ಬರೆದದ್ದನ್ನು ನೋಡಿದರೆ ಆಟದ ನಿಯಮಗಳೆಲ್ಲ ನಿಮಗೆ ಗೊತ್ತಿವೆ, ಹಾಗಾಗಿ ಉತ್ತರ ಹೇಳುವುದಿಲ್ಲ. ಮೊದಲ ಸಾಲು ಮಾತ್ರ ಉಜ್ಜುತ್ತೇನೆ. ಆರು ದಿನದಿಂದ ನೀವು ಕೀಲಿಕೈಯನ್ನು ಮೂಲೆಯಿಂದ ಹೊರಗೆ ತೆಗೆಯಲು ನೋಡುತ್ತಿದ್ದೀರಿ. ಪರದೆಯ ಮೇಲೆ 'ಡೋರ್ ಈಸ್ ಶಟ್', 'ಕೀ ಈಸ್ ಓಪನ್' ಅಂತ ಎರಡು ಸಾಲು ಇರಬೇಕು. ಎರಡನೆಯದನ್ನು ನಿಧಾನವಾಗಿ, ಬಾಯಿಬಿಟ್ಟು, ಒಂದೊಂದೇ ಶಬ್ದ ಬಿಡಿಸಿ ಓದಿ. ಬಾಗಿಲು ಕಾಯುತ್ತಿರುವುದು ಅವುಗಳಲ್ಲಿ ಯಾವ ಶಬ್ದಕ್ಕೆ?