ಚಿಕ್ಕ ಕಾಲೇಜಿನ ಕೋಚ್ ಕೆಲಸಕ್ಕೆ ಯಾಕಿಷ್ಟು ಪೈಪೋಟಿ?

ಮಾರ್ಚ್ ಬಂತು ಅಂದ್ರೆ ಅಮೆರಿಕಾದಲ್ಲಿ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಹುಚ್ಚು. ಟೀವೀಲಿ ಕಾಣೋದು ಕಾಲೇಜು ಕ್ರೀಡೆಗಳನ್ನ ನೋಡ್ಕೊಳ್ಳೋ ಸಂಸ್ಥೆ ನಡೆಸೋ 68 ಟೀಮಿನ ಎನ್‌ಸಿಎಎ ಟೂರ್ನಮೆಂಟ್. ಅದರ ಜೊತೆಜೊತೆಗೇ ಇನ್ನೊಂದು ಆಟ ಫೋನಲ್ಲಿ ನಡೀತಿರುತ್ತೆ, ಯಾವ ಕೋಚು ಯಾವ ಕಾಲೇಜಿಗೆ ಅಂತ. 2025ರ ಮಾರ್ಚಲ್ಲಿ ರಿಚ್ಮಂಡಿನ ವಿಸಿಯು, ಅಂದ್ರೆ ವರ್ಜೀನಿಯಾ ಕಾಮನ್‌ವೆಲ್ತ್ ಯೂನಿವರ್ಸಿಟಿ, ಮೊದಲ ರೌಂಡಲ್ಲೇ ಸೋತು ಮನೆಗೆ ಬಂತು. ಇನ್ನೂ ಆ ಬೇಜಾರು ಆರಿರಲಿಲ್ಲ, ಕೋಚ್ ರಯಾನ್ ಓಡಮ್ ಒಂದು ಗಂಟೆ ದಾರಿ ದೂರದ ವರ್ಜೀನಿಯಾ ಯೂನಿವರ್ಸಿಟಿಗೆ ಹೊರಟೇಬಿಟ್ರು. ವಿಸಿಯುಗೆ ಬಂದು ಎರಡೇ ಸೀಸನ್ ಆಗಿತ್ತು. ನನ್ನ ಜೊತೆ ಮ್ಯಾಚ್ ನೋಡೋ ಗೆಳೆಯ ಫೋನ್ ಮಾಡಿ "ಇದೇನ್ ಕಾಲೇಜೋ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡೋ" ಅಂದ.

ಅವನ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಲೆಕ್ಕ ಹಾಕಿ ನೋಡಿದ್ರೆ ವಿಷಯ ಬೇರೇನೇ ಇದೆ. 2002ರಿಂದ ವಿಸಿಯುಗೆ ಬಂದ ಕೋಚುಗಳಲ್ಲಿ ಹೀಗೆ ದೊಡ್ಡ ಜಾಗಕ್ಕೆ ಹೋದವರು ಆರು ಜನ, ಒಬ್ಬರನ್ನೂ ಕಾಲೇಜು ತೆಗೆದುಹಾಕಿದ್ದಲ್ಲ, ಆರೂ ಜನಾನೂ ಬೇರೆಯವರು ಬಂದು ಕರ್ಕೊಂಡು ಹೋಗಿದ್ದು. ಇಷ್ಟು ಜನ ಬಿಟ್ಟು ಹೋಗೋ ಜಾಗಕ್ಕೆ ಮತ್ತೆ ಬರೋಕೆ ಯಾಕೆ ಸಾಲು ನಿಲ್ತಾರೆ ಅನ್ನೋದು ಈಗಿನ ಗೊಂದಲದಲ್ಲಿ ಯಾರಿಗೂ ನೆಟ್ಟಗೆ ಅರ್ಥ ಆಗ್ತಿಲ್ಲ, ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಮೊದಲು ಈ 'ಚಿಕ್ಕ' ಅನ್ನೋ ಮಾತು. ವಿಸಿಯು ಹುಡುಗರ ಲೆಕ್ಕದಲ್ಲಿ ಚಿಕ್ಕದೇನಲ್ಲ, ಇಪ್ಪತ್ತೈದು ಸಾವಿರಕ್ಕೂ ಜಾಸ್ತಿ ಜನ ಓದ್ತಾರೆ. ನಾರ್ತ್ ಕೆರೊಲೈನಾದ ಡೇವಿಡ್ಸನ್ ಕಾಲೇಜಲ್ಲಿ ಎರಡು ಸಾವಿರದ ಆಸುಪಾಸು. ಎರಡನ್ನೂ ಒಂದೇ ಸಾಲಿಗೆ ಸೇರಿಸ್ತಾರೆ, ಯಾಕಂದ್ರೆ ಇಲ್ಲಿ ಚಿಕ್ಕದು ಅಂದ್ರೆ ದೊಡ್ಡ ಅಮೆರಿಕನ್ ಫುಟ್‌ಬಾಲ್ ಲೀಗುಗಳ ಟೀವಿ ದುಡ್ಡು ಸಿಗದೇ ಇರೋದು ಅಂತ ಅರ್ಥ. ಮಿಡ್‌ಮೇಜರ್ ಅಂತಾರಲ್ಲ, ಅದು.

ಆಟ ಹುಟ್ಟಿದ್ದು 1891ರಲ್ಲಿ, ಎನ್‌ಸಿಎಎ ಟೂರ್ನಮೆಂಟ್ ಶುರುವಾಗಿದ್ದು 1939ರಲ್ಲಿ, ಚಿಕ್ಕ ಕಾಲೇಜಿಂದ ಕೋಚನ್ನ ದೊಡ್ಡವರು ಎತ್ಕೊಂಡು ಹೋಗೋದೂ ಹೆಚ್ಚುಕಮ್ಮಿ ಅಷ್ಟೇ ಹಳೇದು. ಡೇವಿಡ್ಸನ್‌ಗೆ 1960ರಲ್ಲಿ ಲೆಫ್ಟಿ ಡ್ರೀಸೆಲ್ ಅಂತ ಹೈಸ್ಕೂಲ್ ಕೋಚ್ ಒಬ್ರು ಬಂದ್ರು. ಆಟಗಾರರನ್ನ ಹುಡುಕ್ಕೊಂಡು ಊರೂರು ಸುತ್ತುವಾಗ ಲಾಡ್ಜಿಗೆ ದುಡ್ಡಿಲ್ಲದೆ ಸ್ಟೇಷನ್ ವ್ಯಾಗನ್ ಕಾರಲ್ಲೇ ಮಲಗ್ತಿದ್ದ ಮನುಷ್ಯ. 1968, 1969 ಎರಡು ವರ್ಷಾನೂ ಟೀಮನ್ನ ಕೊನೇ ಎಂಟರವರೆಗೆ ತಂದ್ರು, ಎರಡು ಸಲಾನೂ ನಾರ್ತ್ ಕೆರೊಲೈನಾ ಕೈಲಿ ಸೋತ್ರು. 1969ರಲ್ಲಂತೂ ಕೊನೇ ಕ್ಷಣದ ಶಾಟಲ್ಲಿ 87-85, ಅದನ್ನ ಹಾಕಿದ ಚಾರ್ಲಿ ಸ್ಕಾಟ್ ಮೊದಲು ಡೇವಿಡ್ಸನ್‌ಗೇ ಬರ್ತೀನಿ ಅಂತ ಒಪ್ಕೊಂಡಿದ್ದ ಹುಡುಗ. ಅದೇ ವರ್ಷ ಡ್ರೀಸೆಲ್ ಮೇರಿಲ್ಯಾಂಡಿಗೆ ಹೋದ್ರು. ಆಮೇಲೆ ಬಂದ ಟೆರ್ರಿ ಹಾಲಂಡ್ 1974ರಲ್ಲಿ ವರ್ಜೀನಿಯಾಗೆ ಹೋದ್ರು. ಡೇವಿಡ್ಸನ್‌ಗೆ ಮತ್ತೆ ಟೂರ್ನಮೆಂಟಲ್ಲಿ ಒಂದು ಗೆಲುವು ಸಿಗೋಕೆ 2008 ಆಗ್ಬೇಕಾಯ್ತು.

ನಿಜವಾದ ಬದಲಾವಣೆ ಎಂಬತ್ತರ ದಶಕದ್ದು. 1985ರಲ್ಲಿ ಟೂರ್ನಮೆಂಟ್ 64 ಟೀಮಿಗೆ ಬೆಳೀತು, 1986-87ರಲ್ಲಿ ಮೂರು ಪಾಯಿಂಟಿನ ಗೆರೆ ಎಲ್ಲಾ ಕಡೆ ಬಂತು. ಆಳೆತ್ತರದ ಹುಡುಗರು ಸಿಗದ ಕಾಲೇಜಿಗೂ ದೂರದಿಂದ ಗುರಿ ಇಡೋ ನಾಲ್ಕು ಜನ ಸಿಕ್ಕಿದ್ರೆ ಸಾಕು, ದೊಡ್ಡವರನ್ನ ಒಂದು ರಾತ್ರಿ ಕೆಡವಬಹುದು ಅನ್ನೋ ಹಾಗಾಯ್ತು. ಕೇಬಲ್ ಟೀವಿ ಅದನ್ನ ದೇಶಕ್ಕೆಲ್ಲಾ ತೋರಿಸ್ತು. ಜೊತೆಗೆ ದುಡ್ಡು: ಟೂರ್ನಮೆಂಟಲ್ಲಿ ಟೀಮು ಆಡೋ ಒಂದೊಂದು ಮ್ಯಾಚಿಗೂ ಅದರ ಲೀಗಿಗೆ ಒಂದು ಪಾಲು, ಆರು ವರ್ಷ ಹಂಚಿ ಬರೋ ಆ ಪಾಲು ಈಗ ಸುಮಾರು 20 ಲಕ್ಷ ಡಾಲರ್. ಚಿಕ್ಕ ಲೀಗಿಗೆ ಅದು ಸಣ್ಣ ಮೊತ್ತ ಅಲ್ಲ. ಎರಡು ಮ್ಯಾಚ್ ಗೆದ್ದ ಕೋಚಿನ ಹೆಸರು ಮಾರನೇ ದಿನಾನೇ ಎಲ್ಲಾ ಏಜೆಂಟರ ಬಾಯಲ್ಲಿ.

ಈಗ ವಿಸಿಯುಗೆ ಬರ್ತೀನಿ, ನನಗೆ ಚೆನ್ನಾಗಿ ಗೊತ್ತಿರೋದು ಅದೇ. ಕೆಲಸದ ಮೇಲೆ ರಿಚ್ಮಂಡಿಗೆ ಬಂದ ಹೊಸದರಲ್ಲಿ ನನಗೆ ಈ ಆಟದ ಗಂಧಗಾಳಿ ಇರಲಿಲ್ಲ, ಆಫೀಸಿನವನೊಬ್ಬ ಟಿಕೆಟ್ ಮಿಕ್ಕಿದೆ ಬಾ ಅಂತ ಬ್ರಾಡ್ ಸ್ಟ್ರೀಟಲ್ಲಿರೋ ಸೀಗಲ್ ಸೆಂಟರಿಗೆ ಎಳ್ಕೊಂಡು ಹೋದ. ಒಳಗೆ ಏಳೂವರೆ ಸಾವಿರ ಜನ ಹಿಡಿಯುತ್ತೆ ಅಷ್ಟೇ, ಆದ್ರೆ ಸೂರು ತಗ್ಗು, ಬ್ಯಾಂಡಿನ ಹುಡುಗರು ತುತ್ತೂರಿ ಡ್ರಮ್ಮು ಹಿಡ್ಕೊಂಡು ಅಂಕಣದ ಪಕ್ಕದಲ್ಲೇ ನಿಂತಿರ್ತಾರೆ, ಎದುರು ಟೀಮಿನ ಹುಡುಗ ಬಾಲ್ ಒಳಗೆ ಹಾಕೋಕೆ ಗೆರೆ ಹತ್ರ ಬಂದ್ರೆ ಅವನ ಕಿವಿ ಪಕ್ಕದಲ್ಲೇ ಸದ್ದು. ಅವನು ಬಾಲ್ ಹಿಡ್ಕೊಂಡು ಆ ಕಡೆ ಈ ಕಡೆ ನೋಡ್ತಾನೆ, ಯಾರೂ ಖಾಲಿ ಇಲ್ಲ, ಐದು ಸೆಕೆಂಡ್ ಮುಗಿದೇಹೋಗುತ್ತೆ, ರೆಫರಿ ಪೀಪಿ ಊದ್ತಾನೆ. ಜಾತ್ರೇಲಿ ತೇರು ಕದಲಿದಾಗ ಬರೋ ಕೂಗು ಇದ್ಯಲ್ಲ, ಆ ತರದ ಕೂಗು. ಅವತ್ತಿಂದ ನಾನು ಕೆಟ್ಟೆ.

ಆ ಕಟ್ಟಡ ಆಗಿದ್ದು 1999ರಲ್ಲಿ. 2002ರಲ್ಲಿ ಕಾಲೇಜು ಜೆಫ್ ಕೇಪಲ್ ಅನ್ನೋರನ್ನ ಹೆಡ್ ಕೋಚ್ ಮಾಡಿದಾಗ ಅವರಿಗೆ 27 ವರ್ಷ, ದೇಶದ ಮೇಲ್ದರ್ಜೆ ಹೆಡ್ ಕೋಚುಗಳಲ್ಲೇ ಅತಿ ಚಿಕ್ಕವರು. ನಾಲ್ಕು ವರ್ಷಕ್ಕೆ ಓಕ್ಲಹೋಮಾ ಕರೀತು. ಆಮೇಲೆ ಫ್ಲೋರಿಡಾದಲ್ಲಿ ಅಸಿಸ್ಟೆಂಟ್ ಆಗಿದ್ದ ಆಂಟನಿ ಗ್ರ್ಯಾಂಟ್. ಅವರ ಮೊದಲ ವರ್ಷಾನೇ, 2007ರಲ್ಲಿ, ಎರಿಕ್ ಮೇನರ್ ಕೊನೇ ಗಳಿಗೇಲಿ ಹಾಕಿದ ಶಾಟಿಂದ ಡ್ಯೂಕ್ ಮನೆಗೆ ಹೋಯ್ತು. ಮೂರು ವರ್ಷಕ್ಕೆ ಗ್ರ್ಯಾಂಟ್ ಅಲಬಾಮಾಗೆ. 2009ರಲ್ಲಿ ಬಂದೋರು ಶಾಕಾ ಸ್ಮಾರ್ಟ್, ಅವರೂ ಫ್ಲೋರಿಡಾದ ಅಸಿಸ್ಟೆಂಟೇ, ಹೆಡ್ ಕೋಚ್ ಆಗಿ ಮೊದಲ ಕೆಲಸ.

2011ರದ್ದು ಎಲ್ಲರಿಗೂ ನೆನಪಿರೋ ವರ್ಷ. ಟೂರ್ನಮೆಂಟ್ 68 ಟೀಮಿಗೆ ಬೆಳೆದ ಮೊದಲ ಸಲ ಅದು, ಕೊನೇಲಿ ತುರುಕಿದ ಟೀಮುಗಳಿಗೆ ಮುಂಚೆ ಒಂದು ಪ್ರವೇಶ ಪರೀಕ್ಷೆ ತರದ ಮ್ಯಾಚು. ವಿಸಿಯುನ ಅಲ್ಲಿ ಸೇರಿಸಿದ್ದಕ್ಕೇ ಟೀವೀಲಿ ಕೂತ ಪಂಡಿತರು ಬೈದ್ರು, ಇವರಿಗೇನು ಯೋಗ್ಯತೆ ಅಂತ. ಆ ಟೀಮು ಸದರ್ನ್ ಕ್ಯಾಲಿಫೋರ್ನಿಯಾ, ಜಾರ್ಜ್‌ಟೌನ್, ಪರ್ಡ್ಯೂ, ಫ್ಲೋರಿಡಾ ಸ್ಟೇಟ್, ಕಡೆಗೆ ಕ್ಯಾನ್ಸಸ್, ಹೀಗೆ ಐದು ಟೀಮನ್ನ ಮಲಗಿಸಿ ಫೈನಲ್ ಫೋರಿಗೆ, ಅಂದ್ರೆ ಕೊನೇ ನಾಲ್ಕಕ್ಕೆ, ಹೋಯ್ತು. ಅಲ್ಲಿ ಸಿಕ್ಕಿದ್ದು ಇನ್ನೊಂದು ಚಿಕ್ಕ ಕಾಲೇಜು ಬಟ್ಲರ್, 70-62ಕ್ಕೆ ಸೋಲು. ಎರಡೂ ಕಡೆ ಕೋಚುಗಳು ಇನ್ನೂ ಮೂವತ್ತೈದು ದಾಟದವರು.

ಆಮೇಲೆ ನಡೆದದ್ದು ಯಾರೂ ಅಷ್ಟಾಗಿ ಮಾತಾಡಲ್ಲ, ನನ್ನ ಪ್ರಕಾರ ಅಸಲು ಕಥೆ ಅದೇ. ಸ್ಮಾರ್ಟ್ ತಕ್ಷಣ ಹೋಗಲಿಲ್ಲ. 2012ರಲ್ಲಿ ಇಲಿನಾಯ್ ಕರೆದಾಗಲೂ ಇಲ್ಲ ಅಂದ್ರು. ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟ್ತು, ಬ್ಯಾಸ್ಕೆಟ್‌ಬಾಲಿಗೇ ಅಂತ ಸುಮಾರು ಎರಡೂವರೆ ಕೋಟಿ ಡಾಲರಿನ ಪ್ರಾಕ್ಟೀಸ್ ಕಟ್ಟಡ ಎದ್ದಿತು, 2012ರಲ್ಲಿ ಕಾಲೇಜು ಇನ್ನೂ ಗಟ್ಟಿ ಇರೋ ಅಟ್ಲಾಂಟಿಕ್ 10 ಲೀಗಿಗೆ ಹೋಯ್ತು. ಇದೆಲ್ಲಾ ಯಾಕೆ ಸಾಧ್ಯ ಆಯ್ತು ಅಂದ್ರೆ ವಿಸಿಯುಗೆ ಫುಟ್‌ಬಾಲ್ ಟೀಮೇ ಇಲ್ಲ. ಕೇಳೋಕೆ ಇದು ಕೊರತೆ ತರ, ಕೋಚಿಗೆ ಮಾತ್ರ ವರ. ದೊಡ್ಡ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಅಂದ್ರೆ ಎರಡನೇ ಪಂಕ್ತಿ ಊಟ, ಫುಟ್‌ಬಾಲಿನವರು ಉಂಡೆದ್ದ ಮೇಲೆ ಎಲೆ ಹಾಕ್ತಾರೆ. ಇಲ್ಲಿ ಊರಿಗೆಲ್ಲಾ ಇರೋದು ಇದೊಂದೇ ಆಟ, ನವೆಂಬರಿಂದ ಮಾರ್ಚ್ ತನಕ ಬೇರೆ ಮಾತಿಲ್ಲ.

ಇನ್ನೊಂದು ಸಣ್ಣ ವಿಷಯ ಇದೆ, ನನಗೆ ತುಂಬಾ ಇಷ್ಟ ಆಗೋದು. ಚಿಕ್ಕ ಕಾಲೇಜಿನ ದೊಡ್ಡ ಕಷ್ಟ ಏನಂದ್ರೆ ದೊಡ್ಡವರು ಇವರ ಅಂಗಳಕ್ಕೆ ಬಂದು ಆಡಲ್ಲ, ಸೋತ್ರೆ ಮರ್ಯಾದೆ ಹೋಗುತ್ತೆ ಅಂತ. ಬದಲಿಗೆ ದುಡ್ಡು ಕೊಟ್ಟು ತಮ್ಮ ಊರಿಗೆ ಕರೆಸ್ಕೊಂಡು ಹೊಡೀತಾರೆ. ತೀರಾ ಬಡ ಕಾಲೇಜುಗಳು ನವೆಂಬರ್ ಡಿಸೆಂಬರ್ ಪೂರ್ತಿ ಹೀಗೇ ಬಸ್ಸಲ್ಲಿ ಊರೂರು ಸುತ್ತಿ ಸೋತು ಚೆಕ್ಕು ತಗೊಂಡು ಬರ್ತವೆ, ಸೋಲಿನ ಲೆಕ್ಕ ಮಾತ್ರ ಕೋಚಿನ ಹೆಸರಲ್ಲಿ ಬರೆದುಕೊಳ್ಳುತ್ತೆ. ವಿಸಿಯು ಏನು ಮಾಡ್ತು ಅಂದ್ರೆ, ಕೋಚ್ ಬಿಟ್ಟು ಹೋದ್ರೆ ಅವರ ಹೊಸ ಕಾಲೇಜು ನಮ್ಮ ಜೊತೆ ಅಲ್ಲೊಂದು ಇಲ್ಲೊಂದು ಮ್ಯಾಚ್ ಆಡ್ಬೇಕು, ಇಲ್ಲಾಂದ್ರೆ ದಂಡ ಕಟ್ಬೇಕು ಅಂತ ಕಾಂಟ್ರ್ಯಾಕ್ಟಲ್ಲೇ ಬರೆಸ್ಕೊಳ್ತು. ಸ್ಮಾರ್ಟ್ 2015ರಲ್ಲಿ ಟೆಕ್ಸಸ್‌ಗೆ ಹೋದ್ರು, 2017ರಲ್ಲಿ ಟೆಕ್ಸಸ್ ಟೀಮು ಸೀಗಲ್ ಸೆಂಟರಿಗೆ ಬಂದು ಆಡ್ಬೇಕಾಯ್ತು. ಅವರಾದ ಮೇಲೆ ಬಂದ ವಿಲ್ ವೇಡ್ 2017ರಲ್ಲಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ, ಅಂದ್ರೆ ಎಲ್‌ಎಸ್‌ಯುಗೆ ಹೋದ್ರು, 2019ರಲ್ಲಿ ಎಲ್‌ಎಸ್‌ಯು ಇಲ್ಲಿಗೆ ಬಂತು, ವಿಸಿಯು ಎರಡು ಪಾಯಿಂಟಲ್ಲಿ ಗೆದ್ದೂಬಿಡ್ತು. ಹೋಗೋ ಅಳಿಯನ ಕೈಲಿ ಹಬ್ಬಕ್ಕೆ ಬರ್ತೀನಿ ಅಂತ ಬರೆಸ್ಕೊಂಡ ಹಾಗೆ.

ಸ್ಮಾರ್ಟ್ ಹೋದ ಮೇಲೆ ಎರಡು ಸಲ ಕುರ್ಚಿ ಖಾಲಿ ಆದಾಗಲೂ ಕಾಲೇಜು ತೀರಾ ಹೊಸಬರನ್ನ ತರಲಿಲ್ಲ. ವೇಡ್ ಹಿಂದೆ ಸ್ಮಾರ್ಟ್ ಕೈಕೆಳಗೆ ಇದ್ದೋರು, ವೇಡ್ ನಂತರದ ಮೈಕ್ ರೋಡ್ಸ್ ಕೂಡ. ಬೇರೆ ಕಾಲೇಜಲ್ಲಿ ಹೆಡ್ ಕೋಚ್ ಆಗಿ ಅನುಭವ ತಗೊಂಡು ವಾಪಸ್ ಬಂದೋರು. ಬೀಗದ ಕೈ ಎಲ್ಲಿಟ್ಟಿದೆ ಅಂತ ಗೊತ್ತಿರೋರೇ ಮನೆಗೆ ಬಂದ ಹಾಗೆ. ಹೊಸ ಕೋಚಿಗೆ ಇದಕ್ಕಿಂತ ಧೈರ್ಯ ಇನ್ನೇನು ಬೇಕು, ಗೆಲ್ಲೋದು ಹೇಗೆ ಅಂತ ಕಾಲೇಜಿಗೇ ಗೊತ್ತಿದೆ.

ಬಟ್ಲರದ್ದೂ ಇದೇ ದಾರಿ. 1928ರ ಹಿಂಕಲ್ ಫೀಲ್ಡ್‌ಹೌಸ್ ಅನ್ನೋ ಹಳೇ ಕಟ್ಟಡ, ಅಲ್ಲಿ ಕೋಚ್ ಆಗಿದ್ದ ಬ್ಯಾರಿ ಕಾಲಿಯರ್ 2006ರಲ್ಲಿ ಕ್ರೀಡಾ ವಿಭಾಗದ ಮುಖ್ಯಸ್ಥರಾಗಿ ವಾಪಸ್ ಬಂದ್ರು, ಮುಂದಿನ ವರ್ಷ 30 ವರ್ಷದ ಬ್ರ್ಯಾಡ್ ಸ್ಟೀವನ್ಸ್‌ಗೆ ಟೀಮು ಕೊಟ್ರು. ಸ್ಟೀವನ್ಸ್ ಔಷಧಿ ಕಂಪನಿ ಕೆಲಸ ಬಿಟ್ಟು ಇಲ್ಲಿಗೆ ಸೇರ್ಕೊಂಡವರು. 2010ರ ಫೈನಲಲ್ಲಿ ಡ್ಯೂಕ್ ಎದುರು 61-59, ಗಾರ್ಡನ್ ಹೇವರ್ಡ್ ಅರ್ಧ ಅಂಕಣದಿಂದ ಎಸೆದ ಬಾಲ್ ರಿಮ್ಮಿಗೆ ಬಡಿದು ಹೊರಗೆ ಹೋಯ್ತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2013ರಲ್ಲಿ ಸ್ಟೀವನ್ಸ್ ನೇರ ವೃತ್ತಿಪರ ಲೀಗ್ ಎನ್‌ಬಿಎಯ ಬಾಸ್ಟನ್‌ಗೆ. ಗೊನ್ಜಾಗಾ ಅನ್ನೋ ಇನ್ನೊಂದು ಚಿಕ್ಕ ಕಾಲೇಜಲ್ಲಿ ಮಾತ್ರ ಉಲ್ಟಾ: 1999ರಲ್ಲಿ ಡ್ಯಾನ್ ಮಾನ್ಸನ್ ಮಿನೆಸೋಟಾಗೆ ಹೋದ್ರು, ಆ ಜಾಗಕ್ಕೆ ಬಂದ ಮಾರ್ಕ್ ಫ್ಯೂ ಅಲ್ಲೇ ಉಳಿದು 2017, 2021ರಲ್ಲಿ ಫೈನಲ್ ಆಡಿಸಿದ್ರು. ಕೇಳಿದ್ದೆಲ್ಲಾ ಸಿಗೋ ಮನೆ ಬಿಟ್ಟು ಯಾರು ಹೋಗ್ತಾರೆ.

ಹೋದವರ ಕಥೆ ನೋಡಿದ್ರೆ ಇನ್ನೂ ಸ್ಪಷ್ಟ. ಕೇಪಲ್‌ನ ಓಕ್ಲಹೋಮಾ 2011ರಲ್ಲಿ ತೆಗೀತು, ಗ್ರ್ಯಾಂಟ್‌ನ ಅಲಬಾಮಾ 2015ರಲ್ಲಿ ತೆಗೀತು, ಬಟ್ಲರಿಂದ ಅಯೋವಾಗೆ ಹೋದ ಟಾಡ್ ಲಿಕ್‌ಲೈಟರ್‌ಗೆ ಮೂರೇ ವರ್ಷ, ವೇಡ್ ಕೆಲಸ 2022ರಲ್ಲಿ ಹೋಯ್ತು. ಸ್ಮಾರ್ಟ್ ಟೆಕ್ಸಸಲ್ಲಿ ಆರು ಸೀಸನ್ ಇದ್ರು, ಎನ್‌ಸಿಎಎ ಟೂರ್ನಮೆಂಟಲ್ಲಿ ಒಂದೇ ಒಂದು ಗೆಲುವಿಲ್ಲ. ಸಂಬಳ ದೊಡ್ಡದು ಹೌದು. ಆದ್ರೆ ಅಲ್ಲಿ ಯಾರಿಗೂ ಇವರ ಹೆಸರು ಹಿಡಿದು ತುತ್ತೂರಿ ಊದೋ ಪುರುಸೊತ್ತು ಇರಲಿಲ್ಲ ಅಂತ ನನಗನ್ನಿಸುತ್ತೆ.

ಇಲ್ಲೀತನಕ ಲೆಕ್ಕ ಸರಳ ಇತ್ತು: ಟೀಮು ಕಟ್ಟು, ಗೆಲ್ಲು, ಮೇಲೆ ಹೋಗು ಅಥವಾ ಉಳ್ಕೋ. ಟೀಮು ಕಟ್ಟೋಕೆ ಮೂರು ನಾಲ್ಕು ವರ್ಷ, ಯಾಕಂದ್ರೆ ಹುಡುಗರು ನಾಲ್ಕು ವರ್ಷ ಇರ್ತಿದ್ರು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಕಾಲೇಜು ಬದಲಾಯಿಸಬೇಕು ಅನ್ನೋ ಆಟಗಾರರು ಹೆಸರು ಬರೆಸೋ ಪಟ್ಟಿ ಅದು. 2021ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಆಯ್ತು, ಹುಡುಗ ಒಂದು ಸಲ ಕಾಲೇಜು ಬದಲಾಯಿಸಿದ್ರೆ ಒಂದು ವರ್ಷ ಸುಮ್ನೆ ಕೂರೋ ನಿಯಮ ಹೋಯ್ತು, ಹೆಸರು ಮುಖ ಬಳಸಿ ದುಡ್ಡು ಮಾಡೋಕೆ ಅನುಮತಿ ಸಿಕ್ತು. 2024ರಲ್ಲಿ ಎಷ್ಟು ಸಲ ಬೇಕಾದ್ರೂ ಹೋಗಬಹುದು ಅಂತಾಯ್ತು. 2025-26ರಿಂದ ಕಾಲೇಜುಗಳೇ ಆಟಗಾರರಿಗೆ ದುಡ್ಡು ಹಂಚಬಹುದು ಅಂತಾಯ್ತು, ಆ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಹುಡುಗರಿಗೆ ದುಡಿದದ್ದು ಸಿಗ್ಬೇಕು, ಅದರಲ್ಲಿ ಎರಡು ಮಾತಿಲ್ಲ, ಇಷ್ಟು ವರ್ಷ ಸಿಗದೇ ಇದ್ದಿದ್ದೇ ಅನ್ಯಾಯ. ಆದ್ರೆ ಒಂದೊಂದೇ ನ್ಯಾಯವಾದ ಬದಲಾವಣೆ ಸೇರಿ ಸೇರಿ ಚಿಕ್ಕ ಕಾಲೇಜಿನ ಪಾಲಿಗೆ ಏನಾಯ್ತು ನೋಡಿ.

2022ರಲ್ಲಿ ಜರ್ಸಿ ಸಿಟಿಯ ಸೇಂಟ್ ಪೀಟರ್ಸ್ ಕೆಂಟಕಿ, ಮರ್ರಿ ಸ್ಟೇಟ್, ಪರ್ಡ್ಯೂ ಮೂವರನ್ನೂ ಸೋಲಿಸಿ ಕೊನೇ ಎಂಟಕ್ಕೆ ಬಂತು, 15ನೇ ಸೀಡಿನ, ಅಂದ್ರೆ ಪಟ್ಟಿಯ ಹೆಚ್ಚುಕಮ್ಮಿ ತಳದಲ್ಲಿರೋ, ಯಾವ ಟೀಮೂ ಅಲ್ಲೀತನಕ ಬಂದಿರಲಿಲ್ಲ. ಕೋಚ್ ಶಹೀನ್ ಹಾಲೋವೇ ತಾವು ಓದಿದ ಸೀಟನ್ ಹಾಲಿಗೆ ಹೋದ್ರು, ಅದು ಹಳೇ ಪದ್ಧತಿ. ಹೊಸದು ಏನಂದ್ರೆ ಹುಡುಗರೂ ಹೋದ್ರು, ಒಬ್ಬ ಕೋಚ್ ಹಿಂದೆ, ಒಬ್ಬ ಬ್ರಯಂಟ್‌ಗೆ, ಒಬ್ಬ ಸೇಂಟ್ ಬೊನಾವೆಂಚರ್‌ಗೆ, ಅವಳಿ ಅಣ್ಣತಮ್ಮಂದಿರು ಲಾ ಸಾಲ್‌ಗೆ. ಬೇಸಿಗೆ ಮುಗಿಯೋ ಹೊತ್ತಿಗೆ ಆ ಟೀಮು ಬರೀ ಫೋಟೋದಲ್ಲಿ ಉಳೀತು.

ಹಾಗಾಗಿ ಈಗ ಕೆಲಸ ಹುಡುಕೋ ಕೋಚ್ ಮೊದಲು ಕೇಳೋದು ಕಟ್ಟಡ ಹೇಗಿದೆ ಅಂತ ಅಲ್ಲ, ಆಟಗಾರರಿಗೆ ಕೊಡೋಕೆ ಎಷ್ಟಿದೆ ಅಂತ. ಇದರಲ್ಲೂ ಫುಟ್‌ಬಾಲ್ ಇಲ್ಲದ ಕಾಲೇಜಿಗೆ ಸ್ವಲ್ಪ ಅನುಕೂಲ, ಇರೋ ದುಡ್ಡು ಹೆಚ್ಚುಕಮ್ಮಿ ಪೂರ್ತಿ ಬ್ಯಾಸ್ಕೆಟ್‌ಬಾಲಿಗೇ ಹೋಗುತ್ತೆ. ಡೇವಿಡ್ಸನ್ ದಾರಿ ಬೇರೆ. ಅಲ್ಲಿ ಬಾಬ್ ಮೆಕಿಲಪ್ 1989ರಲ್ಲಿ ಬಂದಾಗ ಮೊದಲ ಸೀಸನ್ 4 ಗೆಲುವು 24 ಸೋಲು. ಕಾಲೇಜು ತೆಗೀಲಿಲ್ಲ. ಅವರು 33 ವರ್ಷ ಇದ್ರು. ದೊಡ್ಡ ಕಾಲೇಜುಗಳಿಗೆ ಬೇಡವಾದ ಸಣಕಲು ಹುಡುಗ ಸ್ಟೆಫ್ ಕರಿ ಅವರ ಕೈಗೆ ಸಿಕ್ಕಿದ, 2008ರಲ್ಲಿ ಗೊನ್ಜಾಗಾ ಮೇಲೆ 40 ಪಾಯಿಂಟ್ ಹೊಡೆದ. ಆ ಸಲ ಡೆಟ್ರಾಯ್ಟಲ್ಲಿ ಮ್ಯಾಚ್ ಅಂದಾಗ ಕಾಲೇಜಿನ ಟ್ರಸ್ಟಿಗಳು ಕೈಯಿಂದ ದುಡ್ಡು ಹಾಕಿ ಹುಡುಗರಿಗೆಲ್ಲಾ ಬಸ್ಸು, ಹೋಟೆಲು, ಟಿಕೆಟ್ಟು ಕೊಡಿಸಿ ಕಳಿಸಿದ್ರು. ಈಗ, 2025ರಿಂದ, ಅದೇ ಕರಿ ಇನ್ನೂ ಎನ್‌ಬಿಎ ಆಡ್ತಿರುವಾಗಲೇ ಡೇವಿಡ್ಸನ್ ಟೀಮಿಗೆ ಅಸಿಸ್ಟೆಂಟ್ ಜನರಲ್ ಮ್ಯಾನೇಜರು, ಜೊತೆಗೆ ಕೋಟಿ ಡಾಲರ್ ದಾಟೋ ನಿಧಿ. ಕೋಚ್ ಮೆಕಿಲಪ್ ಮಗ ಮ್ಯಾಟ್. ಆದ್ರೆ ಎಲ್ಲಾ ಕಾಲೇಜಿಗೂ ಒಬ್ಬ ಕರಿ ಎಲ್ಲಿಂದ ತರೋದು.

ವಿಸಿಯು ಕಡೆ, ಓಡಮ್ ಹೋದ ಕೆಲವೇ ದಿನಕ್ಕೆ ಬ್ರಯಂಟ್ ಯೂನಿವರ್ಸಿಟಿಯಿಂದ ಫಿಲ್ ಮಾರ್ಟೆಲಿ ಜೂನಿಯರ್ ಬಂದ್ರು. ಹಾಗಾಗಿ ಬ್ರಯಂಟಲ್ಲಿ ಕುರ್ಚಿ ಖಾಲಿ ಆಯ್ತು, ಅವರು ತಂದಿದ್ದು ಜೇಮಿಯನ್ ಕ್ರಿಶ್ಚಿಯನ್ ಅನ್ನೋರನ್ನ. ಗೆಳೆಯನಿಗೆ ಹೇಳಿದೆ, ಆ ಮನುಷ್ಯನೂ ಒಂದು ಸೀಸನ್ ಸೀಗಲ್ ಸೆಂಟರಲ್ಲಿ ಸ್ಮಾರ್ಟ್ ಪಕ್ಕ ಅಸಿಸ್ಟೆಂಟ್ ಆಗಿ ಕೂತಿದ್ದೋರೇ ಕಣೋ ಅಂತ. ಅವನು ಒಂದು ನಿಮಿಷ ಸುಮ್ನಿದ್ದು, ಹಾಗಾದ್ರೆ ಮುಂದಿನ ಸಲಕ್ಕೆ ಇವರ ಹೆಸರೂ ಬರೆದಿಟ್ಕೋ ಅಂದ.