ಅಳು ಬರುವಾಗ ದೇವರನ್ನು ಸ್ತುತಿಸಿದರೆ ಅದು ನಾಟಕ ಆಗಲ್ವಾ?

ಓದುಗರ ಪ್ರಶ್ನೆ: "ಮನೆಯಲ್ಲಿ ಕಾಯಿಲೆ, ಅದರ ಮೇಲೆ ಸಾಲ. ಸಭೆಗೆ ಹೋದರೆ 'ಸ್ತುತಿ ಮಾಡಿ, ಎಲ್ಲ ಸರಿಹೋಗುತ್ತೆ' ಅಂತಾರೆ. ನನಗೆ ಹಾಡೋಕೆ ಬಾಯೇ ಬರಲ್ಲ. ಮನಸ್ಸಿಲ್ಲದೆ ಹಾಡಿದರೆ ದೇವರಿಗೇ ಸುಳ್ಳು ಹೇಳಿದ ಹಾಗಲ್ವಾ?"

ನೋವನ್ನು ಮುಚ್ಚಿಟ್ಟು, ಏನೂ ಆಗಿಲ್ಲ ಅನ್ನೋ ಮುಖ ಹೊತ್ತು ಹಾಡಿದರೆ, ಹೌದು, ಅದು ಸುಳ್ಳೇ. ಆದರೆ ಬೈಬಲ್ ನಿಮ್ಮಿಂದ ಅದನ್ನು ಕೇಳುವುದೇ ಇಲ್ಲ.

ಬೈಬಲಿನಲ್ಲೇ ಇರುವ ಕೀರ್ತನೆಗಳ ಪುಸ್ತಕ ತೆಗೆಯಿರಿ. ಅಲ್ಲಿರುವ 150 ಹಾಡುಗಳಲ್ಲಿ ಅಳು, ದೂರು, ಸಂಕಟ ಎಷ್ಟಿದೆ ನೋಡಿ. 13ನೇ ಕೀರ್ತನೆ ಬರೀ ಆರು ವಚನ. ಮೊದಲ ಎರಡು ವಚನದ ತುಂಬಾ 'ಇನ್ನೆಷ್ಟು ದಿನ, ನನ್ನನ್ನು ಮರೆತೇಬಿಟ್ಟೆಯಾ' ಅನ್ನುವ ಮಾತೇ. ಕೊನೆಯ ವಚನದಲ್ಲಿ ಅದನ್ನು ಬರೆದವನು ಹಾಡುತ್ತೇನೆ ಅಂತಾನೆ. ನಡುವೆ ಅವನನ್ನು ಕಾಡುತ್ತಿದ್ದ ಶತ್ರು ಹೊರಟುಹೋದ ಅಂತ ಎಲ್ಲೂ ಬರೆದಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಒಂದು ಸಾಂತ್ವನದ ಸಾಲೂ ಇಲ್ಲ, ಆದರೂ ಅದನ್ನು ಯಾರೂ ಆರಾಧನೆಯ ಪುಸ್ತಕದಿಂದ ಹರಿದು ಹಾಕಲಿಲ್ಲ. ದೇವರ ಮುಂದೆ ಕೂತು ಅತ್ತದ್ದೂ ಆರಾಧನೆಯೇ. ನಿಮಗೆ ಮೊದಲು ಹೇಳಬೇಕಾದದ್ದು ಇದು.

ಹಾಗಾದರೆ ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗುತ್ತಿದ್ದ ಪೌಲ, ಸೀಲ ಸೆರೆಮನೆಯಲ್ಲಿ ಹಾಡಿದ್ದು? ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕ, 16ನೇ ಅಧ್ಯಾಯ. ಈ ಕಥೆಯನ್ನು ನಾವು ತುಂಬಾ ಬೇಗ ಓದಿ ಮುಗಿಸುತ್ತೇವೆ. ಸ್ವಲ್ಪ ಹತ್ತಿರ ಹೋಗಿ ನೋಡಿ. ಫಿಲಿಪ್ಪಿ ಪಟ್ಟಣ. ಬಟ್ಟೆ ಕಿತ್ತು, ಕೋಲಿನಿಂದ ಹೊಡೆದಿದ್ದಾರೆ, ಗಾಯ ತೊಳೆಯುವವರಿಲ್ಲ. ಒಳಗಿನ ಕೋಣೆಯಲ್ಲಿ ಕಾಲುಗಳನ್ನು ಕೋಳಕ್ಕೆ ಸಿಕ್ಕಿಸಿದ್ದಾರೆ, ಅಂದರೆ ಹೊರಳಿ ಮಲಗೋಣ ಅಂದರೂ ಆಗಲ್ಲ. ಮಧ್ಯರಾತ್ರಿ. ಆ ಹೊತ್ತಿಗೆ ಅವರು ಪ್ರಾರ್ಥಿಸುತ್ತಾ ಹಾಡುತ್ತಿದ್ದರು, ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಭೂಕಂಪ ಆಮೇಲೆ ಬಂತು. ಹಾಡು ಶುರು ಮಾಡಿದಾಗ ಅದು ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಈ ಮಾತನ್ನು ನಾವು ಮರೆತುಬಿಡುತ್ತೇವೆ. ಬಾಗಿಲು ತೆರೆದಾಗಲೂ ಅವರು ಓಡಿಹೋಗಲಿಲ್ಲ. ಕೈದಿಗಳೆಲ್ಲ ಓಡಿಹೋದರು ಅಂದುಕೊಂಡು ಕತ್ತಿ ಹಿರಿದು ಸಾಯಲು ಹೊರಟಿದ್ದ ಸೆರೆಯ ಯಜಮಾನನಿಗೆ ಪೌಲ ಕೂಗಿ ಹೇಳಿದ, ನಾವೆಲ್ಲ ಇಲ್ಲೇ ಇದ್ದೇವೆ ಅಂತ. ಅದೇ ರಾತ್ರಿ ಅದೇ ಮನುಷ್ಯ ಅವರ ಗಾಯ ತೊಳೆದ. ನನಗೆ ಭೂಕಂಪಕ್ಕಿಂತ ಆ ನೀರೇ ಜಾಸ್ತಿ ಕಣ್ಣಿಗೆ ಕಟ್ಟುತ್ತದೆ.

ಹಾಡಿದರೆ ಬಾಗಿಲು ತೆರೆದೇ ತೆರೆಯುತ್ತದೆ ಅಂತ ನಾನು ಹೇಳಲ್ಲ, ಯಾರಾದರೂ ಹೇಳಿದರೆ ನಂಬಬೇಡಿ. ಅದೇ ಪುಸ್ತಕದ 12ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಸೆರೆಯಿಂದ ಹೊರಬಂದ, ಆದರೆ ಇನ್ನೊಬ್ಬ ಶಿಷ್ಯ ಯಾಕೋಬನನ್ನು ಅರಸ ಹೆರೋದ ಕತ್ತಿಯಿಂದ ಕೊಲ್ಲಿಸಿದ್ದ. ಯಾಕೋಬನ ನಂಬಿಕೆ ಕಮ್ಮಿಯಿತ್ತು ಅಂತ ಅಲ್ಲಿ ಒಂದು ಅಕ್ಷರವೂ ಇಲ್ಲ. ಯೇಸು ಕೂಡ ಹಿಡಿಯಲ್ಪಟ್ಟ ರಾತ್ರಿ ಊಟವಾದ ಮೇಲೆ ಶಿಷ್ಯರ ಜೊತೆ ಹಾಡಿಯೇ ಎಣ್ಣೇಮರಗಳ ಗುಡ್ಡಕ್ಕೆ ಹೋದದ್ದು. ಮರುದಿನ ಶಿಲುಬೆ ತಪ್ಪಲಿಲ್ಲ.

ಮತ್ತೆ ಸ್ತುತಿಯ ಬಲ ಎಲ್ಲಿದೆ? ನನಗೆ ಇದು ಅರ್ಥವಾದದ್ದು 23ನೇ ಕೀರ್ತನೆಯಿಂದ, ಅದೂ ಆಸ್ಪತ್ರೆಯ ವರಾಂಡದಲ್ಲಿ, ಅಮ್ಮನನ್ನು ಒಳಗೆ ಕರೆದುಕೊಂಡು ಹೋದ ರಾತ್ರಿ. ಪ್ರಾರ್ಥನೆ ಮಾಡೋಣ ಅಂದರೆ ಎರಡು ಮಾತು ಜೋಡಿಸಲು ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಆ ಕೀರ್ತನೆಯನ್ನೇ ಸುಮ್ನೆ ಗೊಣಗುತ್ತಾ ಕೂತೆ. ಶುರುವಿನಲ್ಲೆಲ್ಲ 'ಆತನು': ಆತನು ಹಸಿರು ಹುಲ್ಲುಗಾವಲಿನಲ್ಲಿ ತಂಗಿಸುತ್ತಾನೆ, ಆತನು ನಡೆಸುತ್ತಾನೆ. ಕತ್ತಲೆಯ ಕಣಿವೆ ಬಂದ ಕೂಡಲೇ ಮಾತು ಬದಲಾಗುತ್ತದೆ: 'ನೀನು' ಹತ್ತಿರ ಇದ್ದೀ. ಹುಲ್ಲುಗಾವಲಿನಲ್ಲಿ ದೇವರ ಬಗ್ಗೆ ಮಾತಾಡುತ್ತಿದ್ದವನು ಕಣಿವೆಯಲ್ಲಿ ದೇವರ ಜೊತೆಗೇ ಮಾತಾಡುತ್ತಾನೆ. ಅಷ್ಟು ವರ್ಷ ಹೇಳಿದ್ದೆ, ಗಮನಿಸಿರಲಿಲ್ಲ. ಒಳಗಿಂದ ಇನ್ನೂ ಯಾವ ಸುದ್ದಿಯೂ ಬಂದಿರಲಿಲ್ಲ, ಭಯವೂ ಹೋಗಿರಲಿಲ್ಲ, ಆದರೆ ಆ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೇನೆ ಅನ್ನಿಸಲಿಲ್ಲ.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರ ದೇವರ ಸ್ತುತಿಯನ್ನು ಸ್ತೋತ್ರಯಜ್ಞ ಅನ್ನುತ್ತದೆ. ಯಜ್ಞ ಅಂದರೆ ಏನೋ ಒಂದನ್ನು ಕೊಡುವುದು, ಅಲ್ವಾ? ಕೊಡುವಾಗ ನೋವಾದರೆ ಅದು ಸುಳ್ಳು ಅಂತ ಆಗಲ್ಲ.

ಈ ರಾತ್ರಿ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಎರಡನೇ ವಚನದಲ್ಲೇ ಗಂಟಲು ಕಟ್ಟಿದರೆ ಅಲ್ಲೇ ನಿಲ್ಲಿಸಿ, ನಾಳೆ ಮತ್ತೆ ಅಲ್ಲಿಂದ ಓದಿ. ಭಾನುವಾರ ಸಭೆಯಲ್ಲಿ ಹಾಡಲು ಆಗದಿದ್ದರೆ ಸುಮ್ನೆ ಕೂತಿರಿ, ಪಕ್ಕದವರು ಹಾಡಲಿ. ಪಕ್ಕದವರಿಗೂ ಒಂದು ಮಾತು: 'ಸ್ತುತಿ ಮಾಡಿ' ಅಂತ ಹೇಳುವ ಮೊದಲು ನೋವಿನಲ್ಲಿರುವವರ ಜೊತೆ ಸ್ವಲ್ಪ ಹೊತ್ತು ಕೂತು ಅಳಿ.