ಮನೆ ಮಾರುವ ಮುಂಚೆ ಮೇಲಿನ ಮಹಡಿಗೆ ಪ್ಲಾನ್ ಮಾಡಿಸಬೇಕಾ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 30×40 ಸೈಟಿನ ಮನೆ. 1998ರಲ್ಲಿ ನಮ್ಮ ತಂದೆಯವರು ಪ್ಲಾನ್ ಸ್ಯಾಂಕ್ಷನ್ ಮಾಡಿಸಿ ಕೆಳಗೊಂದು, ಮೇಲೊಂದು ಮನೆ ಕಟ್ಟಿಸಿದರು. ಒಂದೊಂದು 850 ಚದರಡಿ. 2012ರಲ್ಲಿ ಬಾಡಿಗೆ ಬರಲಿ ಎಂದು ನಾವು ಅಷ್ಟೇ ಅಳತೆಯ ಎರಡನೇ ಮಹಡಿ ಏರಿಸಿದೆವು. ಅದಕ್ಕೆ ಪ್ಲಾನ್ ಇಲ್ಲ. ಈಗ ಅಡುಗೆಮನೆ, ಬಚ್ಚಲು ಹೊಸದು ಮಾಡಿಸಿ ಮನೆ ಮಾರೋಣ ಅಂದುಕೊಂಡಿದ್ದೇವೆ. ಇದಕ್ಕೆಲ್ಲ ಮೊದಲೇ ಅನುಮತಿ ತಗೋಬೇಕಾ? ಇದ್ದ ಹಾಗೇ ಮಾರಿದರೆ ಏನಾಗುತ್ತದೆ?

ಉತ್ತರ: ಇದರಲ್ಲಿ ಎರಡು ಪ್ರಶ್ನೆಗಳಿವೆ. ಅಡುಗೆಮನೆಯದ್ದು ಸುಲಭ, ಮಹಡಿಯದ್ದು ಅಲ್ಲ.

ಸುಲಭದ್ದನ್ನು ಮೊದಲು ಮುಗಿಸೋಣ. ಟೈಲ್ಸ್ ಬದಲಿಸುವುದು, ಪ್ಲಾಸ್ಟರಿಂಗ್, ಬಣ್ಣ, ಫಾಲ್ಸ್ ಸೀಲಿಂಗ್, ಒಳಗೊಂದು ಪಾರ್ಟಿಷನ್, ಕಿಟಕಿ ಬಾಗಿಲು ಇಡುವುದು ಅಥವಾ ಮುಚ್ಚುವುದು. ಇಂಥ ಕೆಲಸಗಳಿಗೆ ಅನುಮತಿ ಬೇಡ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಪಟ್ಟಿ ಕೊಟ್ಟಿದೆ. ಕಟ್ಟಡದ ಗಟ್ಟಿತನಕ್ಕೆ, ಬೆಂಕಿಯ ಸುರಕ್ಷತೆಗೆ, ಉಳಿದ ಕಟ್ಟಡ ನಿಯಮಗಳಿಗೆ ಧಕ್ಕೆ ಆಗಬಾರದು, ಅಷ್ಟೇ. ಆ ‘ಅಷ್ಟೇ’ ಮಾತ್ರ ಸಣ್ಣದಲ್ಲ. 1998ರ ಮನೆ ಅಂದರೆ ಪಿಲ್ಲರ್ ಇಲ್ಲದೆ ಇಟ್ಟಿಗೆ ಗೋಡೆಯೇ ಭಾರ ಹೊತ್ತಿರಬಹುದು. ಓಪನ್ ಕಿಚನ್ ಚೆನ್ನಾಗಿ ಕಾಣುತ್ತದೆ ಎಂದು ಹಾಲ್ ಕಡೆಯ ಗೋಡೆ ಒಡೆಸಿದರೆ, ಮೇಲಿನ ಎರಡು ಮಹಡಿ ನಿಂತಿರುವುದೇ ಅದರ ಮೇಲೆ ಆಗಿರಬಹುದು. ಮೇಸ್ತ್ರಿ “ಏನೂ ಆಗಲ್ಲ ಸಾರ್” ಎಂದರೆ ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಲಿ.

ಈಗ ಮಹಡಿ. ಇದು ರಿನೋವೇಷನ್ ಅಲ್ಲ, ಹೊಸ ಕಟ್ಟಡವೇ. 2012ರಲ್ಲೂ ಅನುಮತಿ ಬೇಕಿತ್ತು. ಈಗ ಸಿಗುತ್ತದಾ ಅನ್ನುವುದು ಲೆಕ್ಕದ ಮಾತು. ಬನ್ನಿ, ಲೆಕ್ಕ ಹಾಕೋಣ.

ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ ನಿಮ್ಮಂಥ ಸಣ್ಣ ಸೈಟಿಗೆ ಎಫ್‌ಎಆರ್ ಮಾಮೂಲಾಗಿ 1.75. ಅಂದರೆ ಸೈಟಿನ ಅಳತೆಯ ಒಂದೂಮುಕ್ಕಾಲು ಪಟ್ಟು ಕಟ್ಟಬಹುದು. 1,200 ಚದರಡಿಗೆ 2,100 ಚದರಡಿ. ನಿಮ್ಮ ಮೊದಲ ಎರಡು ಮನೆ ಸೇರಿ 1,700 ಆಯಿತು. ಉಳಿದದ್ದು 400. ನೀವು ಕಟ್ಟಿದ್ದು 850. ಹೆಚ್ಚಾದದ್ದು 450 ಚದರಡಿ, ಮಿತಿಗಿಂತ ಶೇ 21ರಷ್ಟು ಜಾಸ್ತಿ. ಇದರ ಮೇಲೆ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ಬೇರೆ. ಮೇಲಿನ ಮಹಡಿ ಕಟ್ಟುವಾಗ ರಸ್ತೆ ಕಡೆಗೋ ಪಕ್ಕದ ಮನೆ ಕಡೆಗೋ ಎರಡಡಿ ಹೊರಗೆ ಚಾಚುವುದು ನಮ್ಮೂರಿನ ಹಳೇ ಚಾಳಿ. ನೀವು ಮಾಡಿಲ್ಲ ಅಂದುಕೊಳ್ಳುತ್ತೇನೆ.

ಲೆಕ್ಕ ಮಿತಿಯೊಳಗೆ ಕೂತಿದ್ದರೆ ದಾರಿ ಇತ್ತು. ಈಗ ಇರುವಂತೆ ಪ್ಲಾನ್ ಬರೆಸಿ, ದಂಡ ಕಟ್ಟಿ, ಸರಿ ಮಾಡಿಕೊಳ್ಳಲು ಅರ್ಜಿ ಹಾಕಬಹುದಿತ್ತು. ಆದರೆ ಬೆಂಗಳೂರು ಪಾಲಿಕೆಯ 2003ರ ಕಟ್ಟಡ ಬೈಲಾ ಸರಿ ಮಾಡಿಕೊಡುತ್ತಿದ್ದದ್ದು ಶೇ 5ರೊಳಗಿನ ವ್ಯತ್ಯಾಸವನ್ನು ಮಾತ್ರ. ಶೇ 21 ಎಲ್ಲಿ, ಶೇ 5 ಎಲ್ಲಿ!

“ಅಕ್ರಮ ಸಕ್ರಮ ಬರುತ್ತಂತಲ್ಲ” ಎಂದು ಯಾರಾದರೂ ಹೇಳಿಯೇ ಹೇಳಿರುತ್ತಾರೆ. ಆ ಯೋಜನೆಯಲ್ಲಿ ವಾಸದ ಮನೆಗೆ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವುದು ಎಂದಿತ್ತು. 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿರಬೇಕಿತ್ತು. ಲೆಕ್ಕದ ಮಟ್ಟಿಗೆ ನಿಮ್ಮ ಮನೆ ಅಚ್ಚುಕಟ್ಟಾಗಿ ಅದರೊಳಗೆ ಬರುತ್ತಿತ್ತು. ಆದರೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದು ತೆರವಾಗುತ್ತದೆ ಎಂದು ಕಾಯುತ್ತಾ ಮಾರಾಟ ಮುಂದೂಡುವುದು ನನಗಂತೂ ಬುದ್ಧಿವಂತಿಕೆ ಅನಿಸುವುದಿಲ್ಲ.

ಹಾಗಾಗಿ ನೇರವಾಗಿ ಕಚೇರಿಗೆ ಹೋಗಿ ಅರ್ಜಿ ಹಾಕಬೇಡಿ. ಮಂಜೂರಾಗದ ಅರ್ಜಿಯಿಂದ ನಿಮಗೆ ಸಿಗುವುದು ಪ್ಲಾನ್ ಅಲ್ಲ, ನೋಟಿಸ್. ಮೊದಲು ಖಾಸಗಿ ಎಂಜಿನಿಯರ್ ಒಬ್ಬರಿಂದ ಮನೆ ಅಳೆಸಿ, ಹಳೇ ಬ್ಲೂಪ್ರಿಂಟ್ ಪಕ್ಕ ಇಟ್ಟು ನೋಡಿ. ನನ್ನ ಲೆಕ್ಕ ನೀವು ಕೊಟ್ಟ ಅಂಕಿಯದ್ದು. ನಿಜವಾದ ಅಳತೆ ಬೇರೆ ಬರಬಹುದು, ನಿಮ್ಮ ರಸ್ತೆಯ ಅಗಲವೂ ಲೆಕ್ಕಕ್ಕೆ ಬರುತ್ತದೆ. ಮಿತಿಯೊಳಗೆ ಬಂದರೆ ಮಾತ್ರ ಅರ್ಜಿ.

ಇದ್ದ ಹಾಗೇ ಮಾರಬಹುದಾ? ಮಾರಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳುವುದು ಇ-ಖಾತಾ, ಪ್ಲಾನ್ ಅಲ್ಲ. ಇಲ್ಲೇ ಜನ ಎಡವುತ್ತಾರೆ. “ಟ್ಯಾಕ್ಸ್ ಮೂರು ಮಹಡಿಗೂ ಕಟ್ಟಿದೀವಿ, ಖಾತಾದಲ್ಲೂ ಇದೆ, ಮೂರು ಮೀಟರ್ ಇದೆ, ಇನ್ನೇನು?” ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ. ಖಾತಾ ಇರುವುದು ತೆರಿಗೆಯ ಲೆಕ್ಕಕ್ಕೆ. ವರ್ಷ ಎಷ್ಟಾದರೂ, ದುಡ್ಡು ಎಷ್ಟು ಸುರಿದಿದ್ದರೂ ಅನುಮತಿ ಇಲ್ಲದ ಕಟ್ಟಡ ಸಕ್ರಮ ಆಗುವುದಿಲ್ಲ ಎಂದು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿತು. ಬ್ಯಾಂಕುಗಳೂ ದಾಖಲೆ ನೋಡಿಯೇ ಸಾಲ ಕೊಡಬೇಕು ಎಂದಿತು. 2025ರಲ್ಲಿ 30×40 ಸೈಟಿನ ಮನೆಗಳಿಗೆ ರಾಜ್ಯ ಸರ್ಕಾರ ರಿಯಾಯಿತಿ ಕೊಟ್ಟಿದ್ದು ನಿಜ. ಆದರೆ ಅದು ಓಸಿಯಿಂದ (ಕಟ್ಟಡ ಪ್ಲಾನಿನಂತಿದೆ, ವಾಸಕ್ಕೆ ಸರಿ ಎಂಬ ಪತ್ರ) ಕೊಟ್ಟ ರಿಯಾಯಿತಿ, ಪ್ಲಾನಿನಿಂದ ಅಲ್ಲ. ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ಅದರಿಂದ ಹಳೇ ಉಲ್ಲಂಘನೆ ಅಳಿಸಿಹೋಗಿಲ್ಲ.

ನಿಮಗೆ ನಿಜವಾದ ತೊಡಕು ಬರುವುದು ಬ್ಯಾಂಕಿನಿಂದ. ಕೊಳ್ಳುವವರು ಸಾಲ ಮಾಡಿಯೇ ಕೊಳ್ಳುತ್ತಾರೆ ಅಲ್ವಾ. ಬ್ಯಾಂಕಿನ ವ್ಯಾಲ್ಯುಯರ್ ಟೇಪ್ ಹಿಡಿದು ಬರುತ್ತಾರೆ, ಪ್ಲಾನ್ ಕೇಳುತ್ತಾರೆ, ಎರಡನೇ ಮಹಡಿಯನ್ನು ಲೆಕ್ಕದಿಂದ ಬಿಡಬಹುದು. ಬ್ಯಾಂಕು ಕಟ್ಟುನಿಟ್ಟಾಗಿದ್ದರೆ ಸಾಲವೇ ಬೇಡ ಎನ್ನಬಹುದು. ಅಡ್ವಾನ್ಸ್ ಕೊಟ್ಟು, ಅಗ್ರಿಮೆಂಟ್ ಬರೆದು, ಎರಡು ತಿಂಗಳ ಮೇಲೆ ಇದು ಗೊತ್ತಾದರೆ ಜಗಳ ಖಂಡಿತ.

ಅದಕ್ಕೇ ನಾನು ಹೇಳುವುದು: ಮುಚ್ಚಿಡಬೇಡಿ. ಸುಮ್ನೆ ಒಳ್ಳೆಯತನದ ಮಾತಲ್ಲ ಇದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ಪ್ರಕಾರ, ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಮಾಮೂಲಿ ಎಚ್ಚರಿಕೆಯಿಂದ ನೋಡಿದರೂ ತಿಳಿಯದ ದೊಡ್ಡ ದೋಷವನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ. “ಅವರೇ ಪ್ಲಾನ್ ಕೇಳಿ ನೋಡಬಹುದಿತ್ತು” ಎಂದು ನೀವು ವಾದಿಸಬಹುದು. ಆ ವಾದ ಕೋರ್ಟಿನಲ್ಲಿ ಹತ್ತು ವರ್ಷ ಎಳೆಯುತ್ತದೆ. ಅಗ್ರಿಮೆಂಟಿನಲ್ಲೇ ಒಂದು ಸಾಲು ಬರೆಸಿ: ನೆಲಮಹಡಿ, ಮೊದಲ ಮಹಡಿಗೆ ಇಂಥ ನಂಬರಿನ ಪ್ಲಾನ್ ಇದೆ, ಎರಡನೇ ಮಹಡಿಗೆ ಇಲ್ಲ, ಇದು ತಿಳಿದೇ ಕೊಳ್ಳುತ್ತಿದ್ದಾರೆ. ಪ್ಲಾನಿನ ಪ್ರತಿಯನ್ನೂ ಜೊತೆಗಿಡಿ. ಪ್ರತಿ ಕಳೆದಿದ್ದರೆ ಪಾಲಿಕೆಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಅಲ್ಲಿ ಕೆಲಸ ಸಾಗದಿದ್ದರೆ ಮಾಹಿತಿ ಹಕ್ಕಿನ ದಾರಿ ಇದೆ.

ಇನ್ನೊಂದು ಆಸೆಗೆ ಬೀಳಬೇಡಿ. ಕ್ರಯಪತ್ರದಲ್ಲಿ ಎರಡೇ ಮಹಡಿ ತೋರಿಸಿದರೆ ಸ್ಟಾಂಪ್ ಡ್ಯೂಟಿಯೂ ಉಳಿಯಿತು, ತಲೆನೋವೂ ತಪ್ಪಿತು ಎಂದು ಬ್ರೋಕರ್ ಹೇಳಬಹುದು. ಬೆಲೆ ಕಡಿಮೆ ತೋರಿಸಿದ್ದಾರೆ ಅನಿಸಿದರೆ ಕರ್ನಾಟಕ ಸ್ಟಾಂಪ್ ಕಾಯಿದೆಯ 45ಎ ಕಲಂ ಅಡಿ ಫೈಲು ಜಿಲ್ಲಾ ರಿಜಿಸ್ಟ್ರಾರ್ ಮುಂದೆ ಹೋಗುತ್ತದೆ. ಒಂದು ತಪ್ಪಿಗೆ ಎರಡು ತಪ್ಪಾಯಿತು.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಗ್ರಾನೈಟಿಗಿಂತ ಮೊದಲು ಸ್ಟ್ರಕ್ಚರಲ್ ವರದಿಗೆ ಮಾಡಿ. ಎರಡು ಮಹಡಿಗೆ ಹಾಕಿದ ಪಾಯದ ಮೇಲೆ ಮೂರನೆಯದು ಕೂತಿದೆ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಕಾರರು ಸತ್ತ ಮೇಲೆ ಕೊಳ್ಳುವವರೂ ಇದನ್ನು ಕೇಳಬಹುದು. ಪಾಯ, ಗೋಡೆ ನೋಡಿ, ಕಾಂಕ್ರೀಟಿನ ಗಟ್ಟಿತನ ಅಂದಾಜಿಸುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿ ಎಂಜಿನಿಯರ್ ಸಹಿ ಹಾಕಿದ ಕಾಗದ ಕೈಯಲ್ಲಿದ್ದರೆ, ಪ್ಲಾನ್ ಇಲ್ಲದಿದ್ದರೂ ನಿಮ್ಮ ಮಾತಿಗೆ ಬೆಲೆ ಇರುತ್ತದೆ. 2012ರ ಬಿಲ್ಲುಗಳಿದ್ದರೆ ಹುಡುಕಿಡಿ. ಕ್ಯಾಪಿಟಲ್ ಗೇನ್ಸ್ (ಮಾರಿದ ಲಾಭ) ಲೆಕ್ಕ ಹಾಕುವಾಗ ಆಡಿಟರ್ ಕೇಳುತ್ತಾರೆ.

ಅಡುಗೆಮನೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಹಳೇ ಬಡಾವಣೆಗಳಲ್ಲಿ 30×40ಕ್ಕೆ ಬರುವ ಬೆಲೆ ಬಹುಪಾಲು ಸೈಟಿನದ್ದು. ಕೊಳ್ಳುವವರಲ್ಲಿ ಎಷ್ಟೋ ಜನ ಇಡೀ ಮನೆ ಒಡೆದು ಹೊಸದು ಕಟ್ಟುವವರು. ಅಂಥವರಿಗೆ ನಿಮ್ಮ ಎರಡನೇ ಮಹಡಿಗೆ ಪ್ಲಾನ್ ಇದೆಯೋ ಇಲ್ಲವೋ ಬೇಕಾಗಿಲ್ಲ, ಅವರ ಹೊಸ ಪ್ಲಾನ್ ಅವರಿಗೆ. ನಿಮ್ಮ ರಸ್ತೆಯಲ್ಲಿ ಈಚೆಗೆ ಮಾರಿದ ಮನೆಗಳು ಏನಾದವು ಎಂದು ಒಂದು ಸುತ್ತು ಹಾಕಿ ನೋಡಿ ಬನ್ನಿ. ನಾಲ್ಕರಲ್ಲಿ ಮೂರು ಕಡೆ ಜೆಸಿಬಿ ಬಂದಿದ್ದರೆ, ಟೈಲ್ಸ್ ಅಂಗಡಿಗೆ ಹೋಗುವುದನ್ನು ಬಿಡಿ.